ಐನೂರು ಮನೆಗಳ ಪಟ್ಟಿ: ರೀಲ್ಸ್ ನೆಚ್ಚಿಕೊಳ್ಳದೆ ಆನ್‌ಲೈನ್ ವ್ಯಾಪಾರ ಬೆಳೆಸುವ ಬಗೆ

ಸಾಗರ, ಸಿದ್ದಾಪುರ, ಸಿರ್ಸಿ ಕಡೆ ಮನೆಯಲ್ಲೇ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಜೇನುತುಪ್ಪ ಮಾರುವ ಒಂದು ಕುಟುಂಬವಿದೆ ಎಂದಿಟ್ಟುಕೊಳ್ಳಿ. ಗಂಡ, ಹೆಂಡತಿ, ಜೊತೆಗೆ ಕೆಲಸಕ್ಕೆ ಬರುವ ಇಬ್ಬರು ಹೆಂಗಸರು. ವರ್ಷಕ್ಕೆ 12 ಲಕ್ಷ ರೂಪಾಯಿ ವ್ಯಾಪಾರವಾದರೆ ಮನೆ ನಡೆಯುತ್ತದೆ ಎಂಬುದು ಅವರ ಅಂದಾಜು. ಒಂದು ಆರ್ಡರ್ ಸರಾಸರಿ 600 ರೂಪಾಯಿಯದಾದರೆ ವರ್ಷಕ್ಕೆ 2,000 ಆರ್ಡರ್ ಬೇಕು. ವರ್ಷಕ್ಕೆ ನಾಲ್ಕು ಸಲ ತರಿಸುವ ಮನೆಗಳಾದರೆ 500 ಸಾಕು.

ಐನೂರು ಮನೆ ಎಂದರೆ ಬೆಂಗಳೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯ. ವಾರಕ್ಕೆ ಸುಮಾರು ನಲವತ್ತು ಪಾರ್ಸೆಲ್. ನಾಲ್ಕು ಜನ ಸೇರಿ ಮಾಡಬಹುದಾದ ಕೆಲಸದ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಹೀಗಿರುವಾಗ ಐವತ್ತು ಸಾವಿರ ಜನ ನೋಡುವ ವಿಡಿಯೊ ಮಾಡಬೇಕೆಂದು ಅವರು ದಿನವೂ ಒದ್ದಾಡುವುದು ಯಾತಕ್ಕೆ? ನೋಡಿದ ಐವತ್ತು ಸಾವಿರ ಜನರಲ್ಲಿ ನೂರಕ್ಕೆ ಎರಡರಂತೆ ಆರ್ಡರ್ ಮಾಡಿದರೂ ಸಾವಿರ ಬಾಟಲಿ ಒಂದೇ ವಾರದಲ್ಲಿ ಹೋಗಬೇಕು. ಅಷ್ಟು ಮಿಡಿ ಮನೆಯಲ್ಲಿ ಇರುವುದಿಲ್ಲ.

ಸಣ್ಣ ವ್ಯಾಪಾರಕ್ಕೆ ಬೇಕಾದದ್ದು ಕೆಲವೇ ನೂರು ಮನೆಗಳು. ಆದರೆ ಆ ಮನೆಗಳ ಹೆಸರು, ಫೋನ್ ನಂಬರು, ವಿಳಾಸ ನಿಮ್ಮ ಪುಸ್ತಕದಲ್ಲಿ ಇರಬೇಕು, ಇನ್ನೊಂದು ಕಂಪನಿಯ ಸರ್ವರ್‌ನಲ್ಲಿ ಮಾತ್ರ ಇದ್ದರೆ ಆಗದು. ಈ ವ್ಯತ್ಯಾಸವನ್ನು ಸರಿಯಾಗಿ ಹಿಡಿದುಕೊಂಡರೆ ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಸಮಯ ಹಾಕಬೇಕು ಎಂಬುದು ತಾನಾಗಿ ಗೊತ್ತಾಗುತ್ತ ಹೋಗುತ್ತದೆ.

ಫಾಲೋವರ್ ಯಾಕೆ ಗಿರಾಕಿಯಲ್ಲ

ಇನ್‌ಸ್ಟಾಗ್ರಾಂ ಅಥವಾ ಫೇಸ್‌ಬುಕ್‌ನಲ್ಲಿ ಹತ್ತು ಸಾವಿರ ಜನ ನಿಮ್ಮ ಪುಟವನ್ನು ಫಾಲೋ ಮಾಡುತ್ತಿದ್ದಾರೆ ಅಂದರೆ ನೀವು ಹಾಕಿದ ಪ್ರತಿ ಪೋಸ್ಟ್ ಆ ಹತ್ತು ಸಾವಿರ ಜನಕ್ಕೂ ತಲುಪುತ್ತದೆ ಎಂದರ್ಥವಲ್ಲ. ಯಾರಿಗೆ ಏನು ತೋರಿಸಬೇಕು ಎಂದು ನಿರ್ಧರಿಸುವುದು ಕಂಪನಿಯ ಲೆಕ್ಕಾಚಾರ. ಅದರ ಗುರಿ ಜನ ಆ್ಯಪ್‌ನಲ್ಲೇ ಹೆಚ್ಚು ಹೊತ್ತು ಉಳಿಯುವಂತೆ ನೋಡಿಕೊಳ್ಳುವುದು. ನಿಮ್ಮ ಗುರಿ ಅವರು ಆ್ಯಪ್ ಬಿಟ್ಟು ನಿಮ್ಮ ಅಂಗಡಿಗೆ ಬರುವುದು. ಎರಡೂ ಒಂದಕ್ಕೊಂದು ವಿರುದ್ಧ. ಇನ್‌ಸ್ಟಾಗ್ರಾಂ ಪೋಸ್ಟ್‌ನ ಅಡಿಬರಹದಲ್ಲಿ ಬರೆದ ವೆಬ್ ವಿಳಾಸವನ್ನು ಒತ್ತಿದರೆ ತೆರೆದುಕೊಳ್ಳದಿರುವುದು ಇದೇ ಕಾರಣಕ್ಕೆ ಎಂದು ನಾನು ತಿಳಿದಿದ್ದೇನೆ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡ್‌ನಲ್ಲಿ ಗೆಳೆಯರು, ಬಂಧುಗಳ ಪೋಸ್ಟ್‌ಗಳಿಗೆ ಮೊದಲ ಸ್ಥಾನ ಎಂದು ಘೋಷಿಸಿತು. ಅಂದರೆ ವ್ಯಾಪಾರದ ಪುಟಗಳು ಹಿಂದಕ್ಕೆ ಸರಿದವು. ವರ್ಷಗಟ್ಟಲೆ ಪುಟ ಕಟ್ಟಿದವರು ತಮ್ಮದೇ ಫಾಲೋವರ್‌ಗಳಿಗೆ ಸುದ್ದಿ ಮುಟ್ಟಿಸಲು ಜಾಹೀರಾತಿನ ಹಣ ಕೊಡಬೇಕಾದ ಸ್ಥಿತಿ ಬಂತು.

ಇದಕ್ಕಿಂತ ಕಟುವಾದ ಪಾಠ 2020ರ ಜೂನ್ 29ರದು. ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅಲ್ಲಿ ಲಕ್ಷಾಂತರ ಫಾಲೋವರ್ ಗಳಿಸಿದ್ದವರ ಬಳಿ ಬೆಳಗಾಗುವಷ್ಟರಲ್ಲಿ ಒಂದು ಫೋನ್ ನಂಬರೂ ಉಳಿದಿರಲಿಲ್ಲ. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ತಮ್ಮನ್ನು ಇಷ್ಟಪಟ್ಟವರು ಎಲ್ಲಿದ್ದಾರೆ ಎಂಬುದು ಅವರಿಗೆ ತಿಳಿದಿರಲಿಲ್ಲ, ಆ ಮಾಹಿತಿ ಆ್ಯಪ್ ಕಂಪನಿಯ ಬಳಿ ಮಾತ್ರ ಇತ್ತು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ತಾಸು ಒಟ್ಟಿಗೆ ಕೆಟ್ಟು ನಿಂತವು. ಆರ್ಡರು, ವಿಚಾರಣೆ, ದುಡ್ಡು ಬಂದ ಸ್ಕ್ರೀನ್‌ಶಾಟು ಎಲ್ಲ ಅಲ್ಲೇ ಇಟ್ಟುಕೊಂಡಿದ್ದವರಿಗೆ ಆ ಹೊತ್ತಿನಲ್ಲಿ ಅಂಗಡಿಯೇ ಇರಲಿಲ್ಲ.

ದೂರದ ಊರಿಗೆ ಅಂಚೆಯಲ್ಲಿ ಮಾಲು ಕಳಿಸುವ ವ್ಯಾಪಾರ ನಮಗೆ ಹೊಸದೇನೂ ಅಲ್ಲ. ವಿ.ಪಿ.ಪಿ. ಸೌಲಭ್ಯ ಭಾರತದಲ್ಲಿ ಶುರುವಾದದ್ದು 1877ರಲ್ಲಿ. ಪೋಸ್ಟ್‌ಮನ್ ಪೊಟ್ಟಣ ಕೊಟ್ಟು ಹಣ ಪಡೆಯುತ್ತಿದ್ದ, ಆ ಹಣ ಮಾರಿದವರಿಗೆ ಹೋಗುತ್ತಿತ್ತು. ಪುಸ್ತಕ, ಬೀಜ, ಆಯುರ್ವೇದದ ಔಷಧಿ ಹೀಗೆಯೇ ಮನೆಮನೆಗೆ ಬಂದವು. ಆ ವ್ಯಾಪಾರಿಗಳ ನಿಜವಾದ ಆಸ್ತಿ ಗೋದಾಮಿನಲ್ಲಿ ಇರಲಿಲ್ಲ, ಗಿರಾಕಿಗಳ ವಿಳಾಸ ಬರೆದ ದಪ್ಪ ರಿಜಿಸ್ಟರ್‌ನಲ್ಲಿತ್ತು. ಹೊಸ ಕ್ಯಾಟಲಾಗ್ ಅಚ್ಚಾದಾಗ ಆ ರಿಜಿಸ್ಟರ್ ತೆಗೆದು ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದರು. ಇವತ್ತಿನ ಆನ್‌ಲೈನ್ ವ್ಯಾಪಾರಕ್ಕೆ ಬೇಕಾದದ್ದೂ ಅದೇ ರಿಜಿಸ್ಟರ್.

ಹುಡುಕಿಕೊಂಡು ಬರುವವರು

ಹಾಗಾದರೆ ಮೊದಲ ಗಿರಾಕಿ ಎಲ್ಲಿಂದ ಬರುತ್ತಾರೆ? ದಾರಿಗಳು ಹಲವಿವೆ, ಅದರಲ್ಲಿ ಹೆಚ್ಚು ಕಾಲ ಬಾಳುವುದು ಗೂಗಲ್ ಹುಡುಕಾಟ. ರೀಲ್ ನೋಡುವವರು ಹೊತ್ತು ಕಳೆಯಲು ಕುಳಿತವರು. 'ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲಿ ಸಿಗುತ್ತದೆ' ಎಂದು ಟೈಪ್ ಮಾಡುವವರಿಗೆ ಉಪ್ಪಿನಕಾಯಿ ಬೇಕಾಗಿದೆ. ದಿನಕ್ಕೆ ಅಂಥವರು ಹತ್ತೇ ಜನ ಇದ್ದರೂ ಚಿಂತೆಯಿಲ್ಲ. ಮೇಲಿನ ಲೆಕ್ಕ ನೆನಪಿರಲಿ, ವರ್ಷಕ್ಕೆ ನಮಗೆ ಬೇಕಾದದ್ದು ಕೆಲವು ನೂರು ಹೊಸ ಮನೆ ಮಾತ್ರ.

ಗೂಗಲ್ ಕೆಲಸ ಮಾಡುವ ರೀತಿ ಇಷ್ಟು. ಅದರ ತಂತ್ರಾಂಶ ವೆಬ್ ಪುಟಗಳನ್ನು ಒಂದೊಂದಾಗಿ ಓದುತ್ತದೆ, ಓದಿದ್ದನ್ನು ಒಂದು ದೊಡ್ಡ ಸೂಚಿಯಲ್ಲಿ ಸೇರಿಸುತ್ತದೆ. ಯಾರಾದರೂ ಪ್ರಶ್ನೆ ಕೇಳಿದಾಗ ಆ ಸೂಚಿಯಿಂದ ಹೊಂದುವ ಪುಟಗಳನ್ನು ಆರಿಸಿ, ಯಾವುದು ಹೆಚ್ಚು ಉಪಯುಕ್ತ, ಯಾವುದನ್ನು ಬೇರೆ ತಾಣಗಳು ಉಲ್ಲೇಖಿಸಿವೆ, ಯಾವುದು ಫೋನ್‌ನಲ್ಲಿ ಬೇಗ ತೆರೆಯುತ್ತದೆ ಎಂಬುದನ್ನೆಲ್ಲ ತೂಗಿ ಸಾಲಾಗಿ ಜೋಡಿಸುತ್ತದೆ. ಮೊದಲ ಹೆಜ್ಜೆಯಲ್ಲೇ ನಮ್ಮ ಎಷ್ಟೋ ಸಣ್ಣ ವ್ಯಾಪಾರಗಳು ಎಡವುತ್ತವೆ. ಬೆಲೆಪಟ್ಟಿಯನ್ನು ಚಂದದ ಪೋಸ್ಟರ್ ಮಾಡಿ ಚಿತ್ರವಾಗಿ ಹಾಕಿರುತ್ತಾರೆ. ಚಿತ್ರದೊಳಗಿನ ಅಕ್ಷರವನ್ನು ಪಠ್ಯದಷ್ಟು ನೆಚ್ಚುವಂತಿಲ್ಲ. ಇನ್ನು ಕೆಲವರು ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೇ ಏರಿಸುತ್ತಾರೆ. ಯುನಿಕೋಡ್ (ಎಲ್ಲ ಕಂಪ್ಯೂಟರು, ಫೋನುಗಳೂ ಓದಬಲ್ಲ ಅಕ್ಷರ ಸಂಕೇತ) ಅಲ್ಲದ ಆ ಬರಹ ನಮ್ಮ ಕಣ್ಣಿಗೆ ಕನ್ನಡ, ಗೂಗಲ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂಚಲು. ತಾಣದಲ್ಲಿರುವ ಪ್ರತಿ ಸಾಲೂ ಯುನಿಕೋಡ್ ಪಠ್ಯವಾಗಿರಬೇಕು.

ಮುಂದಿನ ಪ್ರಶ್ನೆ, ಏನು ಬರೆಯಬೇಕು? 'ಉತ್ತಮ ಗುಣಮಟ್ಟದ, ರುಚಿಯಾದ, ಮನೆಯಲ್ಲೇ ತಯಾರಿಸಿದ' ಎಂಬ ಸಾಲು ಎಲ್ಲರ ತಾಣದಲ್ಲೂ ಇದೆ, ಅದನ್ನು ಯಾರೂ ಹುಡುಕುವುದಿಲ್ಲ. ಗಿರಾಕಿಗಳು ಫೋನ್‌ನಲ್ಲಿ ಏನು ಕೇಳುತ್ತಾರೆ ಎಂಬುದನ್ನು ಒಂದು ತಿಂಗಳು ಬರೆದಿಟ್ಟುಕೊಳ್ಳಿ. ಎಣ್ಣೆ ಹಾಕದ ಮಿಡಿ ಎಷ್ಟು ತಿಂಗಳು ಇಡಬಹುದು? ಮಿಡಿ ಮೆತ್ತಗಾದರೆ ಏನು ಕಾರಣ? ಬಿಪಿ ಇರುವವರು ಉಪ್ಪು ಕಡಿಮೆ ಮಾಡಿಕೊಳ್ಳುವುದು ಹೇಗೆ? ಮಿಡಿ ಯಾವ ತಿಂಗಳು ಬರುತ್ತದೆ? ಜೀರಿಗೆ ಮಿಡಿಗೂ ಅನಂತಭಟ್ಟನ ಅಪ್ಪೆಗೂ ಏನು ವ್ಯತ್ಯಾಸ? ಒಂದೊಂದು ಪ್ರಶ್ನೆಗೂ ಒಂದೊಂದು ಪುಟ.

ಇಲ್ಲಿ ಮನೆಯವರ ಅನುಭವಕ್ಕೆ ನಿಜವಾದ ಬೆಲೆ ಸಿಗುತ್ತದೆ. ಅಪ್ಪೆಮಿಡಿ ಹೊಳೆದಂಡೆಯ ಕಾಡುಮಾವಿನ ಮರದ್ದು, ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದದ್ದು. ನೆಲಕ್ಕೆ ಬಿದ್ದು ಪೆಟ್ಟಾದ ಕಾಯಿ ಉಪ್ಪಿನಕಾಯಿಗೆ ಬಾರದು, ತೊಟ್ಟು ಸಮೇತ ಕೊಯ್ಯಬೇಕು. ಸೊನೆಯೇ ಅದರ ಪರಿಮಳ. ಉಪ್ಪಿನಲ್ಲಿ ಚಿರುಟಿದ ಮೇಲೆಯೇ ಖಾರ ಬೆರೆಸುವುದು. ಇದನ್ನೆಲ್ಲ ಮಾಡಿ ಬಲ್ಲವರು ಬರೆದ ಪುಟಕ್ಕೂ, ನಾಲ್ಕು ತಾಣ ನೋಡಿ ಯಾರೋ ಹೊಸೆದ ಪುಟಕ್ಕೂ ಓದುಗರು ಒಂದೇ ನೋಟಕ್ಕೆ ವ್ಯತ್ಯಾಸ ಹೇಳುತ್ತಾರೆ. ಅಮ್ಮನಿಗೆ ಬರೆಯಲು ಬಾರದಿದ್ದರೆ ಮಗಳು ಕೇಳಿ ಬರೆದುಕೊಳ್ಳಲಿ. ಭಾಷೆ ಮನೆಮಾತಿನ ಹಾಗೆ ಇದ್ದರೆ ಇನ್ನೂ ಒಳ್ಳೆಯದು.

ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಉತ್ತರ ಕನ್ನಡದ ಮುರುಗಲನ್ನು ದಕ್ಷಿಣ ಕನ್ನಡದವರು ಪುನರ್ಪುಳಿ ಎಂದು ಹುಡುಕುತ್ತಾರೆ, ಬೆಂಗಳೂರಿನವರು ಕೋಕಂ ಎಂದು. ಮೂರೂ ಹೆಸರು ಪುಟದಲ್ಲಿ ಸಹಜವಾಗಿ ಬರುವಂತೆ ಬರೆಯಿರಿ. ಬಹಳ ಜನ ಕನ್ನಡದ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ, ಅದೂ ಪುಟದಲ್ಲಿ ಒಂದೆಡೆ ಇರಲಿ. ಕನ್ನಡ ಪುಟದ ಜೊತೆಗೆ ಒಂದು ಇಂಗ್ಲಿಷ್ ಪುಟವೂ ಬೇಕು, ಏಕೆಂದರೆ ಮಲೆನಾಡಿನ ರುಚಿ ಬಲ್ಲವರ ಮಕ್ಕಳು ಪುಣೆಯಲ್ಲಿ, ಹೈದರಾಬಾದ್‌ನಲ್ಲಿ ಬೆಳೆದಿದ್ದಾರೆ. ಅಮೆರಿಕದಲ್ಲಿರುವ ಮಗ ಮೈಸೂರಿನ ಅಪ್ಪ-ಅಮ್ಮನ ಮನೆಗೆ ಆರ್ಡರ್ ಮಾಡುವುದೂ ಉಂಟು, ಹಾಗಾಗಿ 'ಬೇರೆ ವಿಳಾಸಕ್ಕೆ ಕಳಿಸಿ' ಎಂಬ ಆಯ್ಕೆ ಎದ್ದು ಕಾಣಬೇಕು.

ಹುಡುಕಾಟದ ಫಲ ನಿಧಾನ. ಇವತ್ತು ಬರೆದ ಪುಟ ಮೇಲೆ ಬರಲು ತಿಂಗಳುಗಳೇ ಬೇಕು. ಮೊದಲ ವರ್ಷ ಕೈಗೆ ಹೆಚ್ಚೇನೂ ಹತ್ತದಿರಬಹುದು. ಆದರೆ ರೀಲ್ ಒಂದೆರಡು ದಿನದಲ್ಲಿ ಕೆಳಗೆ ಹೋಗಿಬಿಟ್ಟರೆ, ಒಳ್ಳೆಯ ಪುಟ ನಾಲ್ಕು ವರ್ಷ ಬಿಟ್ಟರೂ ಗಿರಾಕಿಯನ್ನು ಕರೆತರುತ್ತಿರುತ್ತದೆ. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯದಲ್ಲಿ ಜನ ಯಾವ ಪದ ಹುಡುಕಿ ನಿಮ್ಮಲ್ಲಿಗೆ ಬಂದರು ಎಂಬುದು ಕಾಣುತ್ತದೆ. ತಿಂಗಳಿಗೊಮ್ಮೆ ಅದನ್ನು ನೋಡಿದರೆ ಮುಂದಿನ ಪುಟಕ್ಕೆ ವಿಷಯ ಅಲ್ಲೇ ಸಿಗುತ್ತದೆ.

ಗೂಗಲ್ ಕೂಡ ಇನ್ನೊಬ್ಬರ ಜಾಗವೇ ಅಲ್ಲವೇ? ಹೌದು. 2024ರಿಂದ ಹುಡುಕಾಟದ ಮೇಲ್ಭಾಗದಲ್ಲಿ ಎಐ ಬರೆದ ಸಾರಾಂಶಗಳು ಕಾಣಿಸಿಕೊಳ್ಳುತ್ತಿವೆ, ಉತ್ತರ ಅಲ್ಲೇ ಸಿಕ್ಕವರು ಕೆಳಗಿನ ಕೊಂಡಿ ಒತ್ತುವುದಿಲ್ಲ. 'ಮಿಡಿ ಯಾವ ತಿಂಗಳು ಬರುತ್ತದೆ' ಎಂಬ ಪ್ರಶ್ನೆಗೆ ಸಾರಾಂಶವೇ ಸಾಕಾಗಬಹುದು. ಆದರೆ ಸಾರಾಂಶ ಉಪ್ಪಿನಕಾಯಿ ಕಳಿಸಿಕೊಡುವುದಿಲ್ಲ, ಕೊಳ್ಳಬೇಕಾದವರು ಕಡೆಗೆ ಒಂದು ಅಂಗಡಿಗೆ ಬರಲೇಬೇಕು. ಹಾಗಿದ್ದರೂ ಹುಡುಕಾಟವನ್ನು ಗಿರಾಕಿ ಮೊದಲ ಸಲ ಒಳಗೆ ಬರುವ ಬಾಗಿಲಾಗಿ ಮಾತ್ರ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಮ್ಮೆ ಬಂದವರನ್ನು ಪಟ್ಟಿಗೆ ಸೇರಿಸಿಕೊಳ್ಳದಿದ್ದರೆ ಅವರನ್ನು ಮತ್ತೆ ಗೂಗಲ್‌ನಿಂದಲೇ ಪಡೆಯಬೇಕಾಗುತ್ತದೆ.

ಗೂಗಲ್ ಮ್ಯಾಪ್‌ನಲ್ಲಿ ಕಾಣಿಸುವ ಬಿಸಿನೆಸ್ ಪ್ರೊಫೈಲ್ ಬಗ್ಗೆ ಒಂದು ಮಾತು. ಅದು ಉಚಿತ, ಅಲ್ಲಿ ಬರುವ ರಿವ್ಯೂಗಳನ್ನು ಜನ ನಂಬುತ್ತಾರೆ. ಆದರೆ ಗಿರಾಕಿಗಳನ್ನು ಮುಖಾಮುಖಿ ನೋಡದ, ಬರೀ ಆನ್‌ಲೈನ್ ವ್ಯಾಪಾರಕ್ಕೆ ಗೂಗಲ್ ನಿಯಮದಂತೆ ಪ್ರೊಫೈಲ್ ಸಿಗುವುದಿಲ್ಲ. ಜನ ನಿಮ್ಮ ಮನೆಗೇ ಬಂದು ಒಯ್ಯುವಂತಿದ್ದರೆ, ಅಥವಾ ಊರಿನಲ್ಲಿ ನೀವೇ ಮನೆಗೆ ಮುಟ್ಟಿಸುತ್ತಿದ್ದರೆ ಸಿಗುತ್ತದೆ. ಹಬ್ಬದ ದಿನಗಳಲ್ಲಿ ಊರಿಗೆ ಬಂದವರು ಮರಳುವಾಗ ಒಯ್ಯಲು ಬರುವ ವ್ಯಾಪಾರ ಚಿಕ್ಕದೇನಲ್ಲ.

ವೆಬ್‌ಸೈಟ್ ದುಬಾರಿಯಾಗಬೇಕಿಲ್ಲ. ಏನು ಸಿಗುತ್ತದೆ, ಬೆಲೆ ಎಷ್ಟು, ಯಾರು ಮಾಡುತ್ತಾರೆ, ಹೇಗೆ ಕಳಿಸುತ್ತೀರಿ, ಒಡೆದು ಬಂದರೆ ಏನು ಮಾಡುತ್ತೀರಿ ಎಂಬಿಷ್ಟು ಸ್ಪಷ್ಟವಾಗಿದ್ದರೆ ಸಾಕು. ಒತ್ತಿದರೆ ಕರೆ ಹೋಗುವ ಫೋನ್ ನಂಬರು ಮೇಲ್ಗಡೆಯೇ ಇರಲಿ. ಶುರುವಿನಲ್ಲಿ ಒಂದು ಫಾರಂ, ಒಂದು ಯುಪಿಐ ಕ್ಯೂಆರ್ ಕೋಡ್ ಇದ್ದರೂ ವ್ಯಾಪಾರ ನಡೆಯುತ್ತದೆ. ಆದರೆ ಡೊಮೇನ್ ಹೆಸರು (ತಾಣದ ವೆಬ್ ವಿಳಾಸ) ನಿಮ್ಮದೇ ಹೆಸರಿನಲ್ಲಿ, ನಿಮ್ಮದೇ ಇಮೇಲ್‌ನಲ್ಲಿ ನೋಂದಣಿಯಾಗಿರಲೇಬೇಕು. ಸೈಟ್ ಮಾಡಿಕೊಟ್ಟ ಹುಡುಗ ತನ್ನ ಖಾತೆಯಲ್ಲೇ ಡೊಮೇನ್ ಕೊಂಡು, ಮೂರು ವರ್ಷದ ನಂತರ ಫೋನ್ ಎತ್ತದಿದ್ದರೆ, ನಿಮ್ಮ ಅಂಗಡಿಯ ಫಲಕ ಬೇರೆಯವರ ಪಾಲಾಗುತ್ತದೆ. ಮಾಡಿಸುವ ದಿನವೇ ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಪಾರ್ಸೆಲ್ ಡಬ್ಬಿಯೇ ಜಾಹೀರಾತು

ಹೊಸಬರು ಆರ್ಡರ್ ಮಾಡುವ ಮುನ್ನ ಅವರ ಮನಸ್ಸಿನಲ್ಲಿರುವುದು ಒಂದೇ ಅಂಜಿಕೆ: ದುಡ್ಡು ಹಾಕಿದರೆ ಮಾಲು ಬರುತ್ತದೆಯೇ? ಇದಕ್ಕೆ ಉತ್ತರ ಸರಳ. ಪೂರ್ತಿ ವಿಳಾಸ, ಮನೆಯವರ ಹೆಸರು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯ 14 ಅಂಕಿಯ ಸಂಖ್ಯೆ ಮುಚ್ಚುಮರೆಯಿಲ್ಲದೆ ಹಾಕಿ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳೂ ಹೆಸರು, ವಿಳಾಸ, ದೂರು ಕೇಳುವವರ ಸಂಪರ್ಕ ಕಾಣಿಸಬೇಕೆಂದು ಹೇಳುತ್ತವೆ. ಪೊಟ್ಟಣದ ಮೇಲೆ ತೂಕ, ಗರಿಷ್ಠ ಬೆಲೆ, ತಯಾರಿಸಿದ ತಿಂಗಳು ಇರಲೇಬೇಕು. ಕಾನೂನಿಗಾಗಿ ಮಾಡುವ ಈ ಕೆಲಸವೇ ಗಿರಾಕಿಯ ಭಯವನ್ನೂ ಕಳೆಯುತ್ತದೆ.

ಪಾರ್ಸೆಲ್ ಕೈಸೇರಿದ ಕ್ಷಣ ಈ ವ್ಯಾಪಾರದ ಅತ್ಯಂತ ಬೆಲೆಬಾಳುವ ಕ್ಷಣ. ಆ ಹೊತ್ತಿನಲ್ಲಿ ಗಿರಾಕಿಯ ಪೂರ್ತಿ ಗಮನ ನಿಮ್ಮ ಮೇಲೆ ಇರುತ್ತದೆ, ಎಷ್ಟು ದುಡ್ಡು ಸುರಿದರೂ ಜಾಹೀರಾತಿಗೆ ಸಿಗದ ಗಮನ ಅದು. ಎಣ್ಣೆ ಸೋರಿ ಡಬ್ಬಿ ಒದ್ದೆಯಾಗಿ ಬಂದರೆ ಆ ಮನೆ ಅಲ್ಲಿಗೆ ಮುಗಿಯಿತು. ಆದ್ದರಿಂದ ರೀಲ್ ಮಾಡುವ ಸಮಯವನ್ನು ಮುಚ್ಚಳ ಬಿಗಿಮಾಡುವುದಕ್ಕೆ, ಪಾರ್ಸೆಲ್ಲನ್ನು ಎತ್ತರದಿಂದ ಬೀಳಿಸಿ ಪರೀಕ್ಷಿಸುವುದಕ್ಕೆ ಕೊಡಿ. ಡಬ್ಬಿಯ ಅಳತೆಯೂ ಮುಖ್ಯ. ಕೊರಿಯರ್‌ಗಳು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬಂದ ತೂಕವನ್ನೂ ನೋಡುತ್ತಾರೆ, ನಿಜವಾದ ತೂಕವನ್ನೂ ನೋಡುತ್ತಾರೆ, ಎರಡರಲ್ಲಿ ಹೆಚ್ಚಿನದಕ್ಕೆ ದರ ಹಾಕುತ್ತಾರೆ. 30, 25, 20 ಸೆಂಟಿಮೀಟರ್‌ನ ಡಬ್ಬಿಯಲ್ಲಿ ಒಂದೂವರೆ ಕಿಲೋ ಹಪ್ಪಳವಿದ್ದರೂ ಮೂರು ಕಿಲೋದ ದುಡ್ಡು ಕೊಡಬೇಕು. ಹಪ್ಪಳಕ್ಕೆ ಸರಿಹೊಂದುವ ಚಪ್ಪಟೆ ಡಬ್ಬಿ ಮಾಡಿಸಿದರೆ ಉಳಿದ ಹಣದಿಂದ ಗಿರಾಕಿಗೆ ಸಾಗಣೆ ವೆಚ್ಚ ಇಳಿಸಬಹುದು. ಎರಡನೇ ಆರ್ಡರ್ ಬರುವುದೂ ಬಾರದಿರುವುದೂ ಎಷ್ಟೋ ಸಲ ಆ ನಲವತ್ತು ಐವತ್ತು ರೂಪಾಯಿಯ ಮೇಲೆ ನಿಂತಿರುತ್ತದೆ.

ಡಬ್ಬಿಯೊಳಗೆ ಒಂದು ಚೀಟಿ ಇಡಿ. ಈ ಮಿಡಿ ಯಾವಾಗ ಹಾಕಿದ್ದು, ಎಂಥ ಚಮಚ ಬಳಸಬೇಕು, ಮುಂದಿನ ಸುಗ್ಗಿಯಲ್ಲಿ ಏನು ಬರುತ್ತದೆ, ಮತ್ತೆ ಬೇಕಾದರೆ ಯಾವ ನಂಬರು. ಜೊತೆಗೆ ಐವತ್ತು ಗ್ರಾಂನ ಎರಡು ಪುಟ್ಟ ಪೊಟ್ಟಣ, ಅದರ ಮೇಲೆ 'ಇದು ಪಕ್ಕದ ಮನೆಯವರಿಗೆ' ಎಂಬ ಒಂದು ಸಾಲು. ಊರಿನಿಂದ ಏನಾದರೂ ಬಂದರೆ ಅಕ್ಕಪಕ್ಕದವರಿಗೆ ಒಂದಿಷ್ಟು ಕೊಡುವುದು ನಮ್ಮ ಮನೆಗಳಲ್ಲಿ ಈಗಲೂ ಉಳಿದಿರುವ ಪದ್ಧತಿ. ರುಚಿ ನೋಡಿದ ಪಕ್ಕದ ಮನೆಯವರು 'ಎಲ್ಲಿಂದ ತರಿಸಿದ್ರಿ?' ಎಂದು ಕೇಳಿದಾಗ ನಂಬರು ಆ ಪೊಟ್ಟಣದ ಮೇಲೆಯೇ ಇರುತ್ತದೆ. ಇದರ ಖರ್ಚನ್ನು ಜಾಹೀರಾತಿನ ಖಾತೆಗೆ ಬರೆಯಿರಿ.

ಪಟ್ಟಿಯನ್ನು ಇಟ್ಟುಕೊಳ್ಳುವುದು, ಬಳಸುವುದು

ಒಂದು ನೋಟ್‌ಬುಕ್ ಅಥವಾ ಕಂಪ್ಯೂಟರ್‌ನ ಒಂದು ಶೀಟ್ ಸಾಕು. ಹೆಸರು, ಫೋನ್, ವಿಳಾಸ, ಏನು ಕೊಂಡರು, ಯಾವಾಗ ಕೊಂಡರು, ನಮ್ಮ ಬಗ್ಗೆ ಹೇಗೆ ಗೊತ್ತಾಯಿತು. ಈ ಕಡೆಯ ಪ್ರಶ್ನೆಯನ್ನು ಪ್ರತಿಯೊಬ್ಬ ಹೊಸ ಗಿರಾಕಿಗೂ ಕೇಳಿ. 'ಜಯನಗರದ ಅತ್ತಿಗೆ ಹೇಳಿದ್ರು', 'ಗೂಗಲ್‌ನಲ್ಲಿ ಸಿಕ್ತು', 'ಮೇಳದಲ್ಲಿ ತಗೊಂಡಿದ್ವಿ' ಎಂಬ ಉತ್ತರಗಳನ್ನು ಹಾಗೇ ಬರೆದಿಡಿ. ಆರು ತಿಂಗಳಾದ ಮೇಲೆ ತಿರುವಿ ನೋಡಿದರೆ ಯಾವ ದಾರಿಯಿಂದ ಜನ ಬರುತ್ತಿದ್ದಾರೆ ಎಂಬುದು ದುಬಾರಿ ತಂತ್ರಾಂಶವಿಲ್ಲದೆ ಗೊತ್ತಾಗುತ್ತದೆ.

ಪಟ್ಟಿಯಲ್ಲಿರುವವರಿಗೆ ಸುದ್ದಿ ಮುಟ್ಟಿಸುವುದು ಹೇಗೆ? ನಮ್ಮಲ್ಲಿ ಬಹುಪಾಲು ಜನ ಇಮೇಲ್‌ಗಿಂತ ವಾಟ್ಸ್‌ಆ್ಯಪ್ ಬೇಗ ನೋಡುತ್ತಾರೆ. ಅದೂ ಮೆಟಾ ಕಂಪನಿಯದೇ ಎಂಬುದು ನಿಜ. ಆದರೆ ಅಲ್ಲಿ ನಿಮ್ಮ ಮತ್ತು ಗಿರಾಕಿಯ ನಡುವೆ ಫೀಡ್ ಇಲ್ಲ, ಕೈಯಲ್ಲಿರುವುದು ಫೋನ್ ನಂಬರು. ವಾಟ್ಸ್‌ಆ್ಯಪ್ ಇಲ್ಲದ ದಿನವೂ ಆ ನಂಬರಿಗೆ ಕರೆ ಹೋಗುತ್ತದೆ. ಅಲ್ಲಿನ ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನರ ಮಿತಿ, ಅದೂ ನಿಮ್ಮ ನಂಬರನ್ನು ತಮ್ಮ ಫೋನ್‌ನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಹಲವರು ಇದನ್ನು ತೊಡಕು ಎನ್ನುತ್ತಾರೆ, ನನಗೆ ಇದು ಒಳ್ಳೆಯ ಜರಡಿ ಎನಿಸುತ್ತದೆ. ನಂಬರು ಉಳಿಸಿಕೊಂಡವರು ನಿಮ್ಮ ಸುದ್ದಿ ಬೇಕೆಂದವರು. ಐನೂರು ಮನೆಗೆ ಇಂಥ ಎರಡು ಪಟ್ಟಿ ಸಾಕಾಗುತ್ತದೆ. ಗುಂಪು ಮಾತ್ರ ಬೇಡ. ಗುಂಪಿನಲ್ಲಿ ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ, ಬೆಳಗಿನ ಶುಭೋದಯದ ನಡುವೆ ನಿಮ್ಮ ಸುದ್ದಿ ಕಳೆದುಹೋಗುತ್ತದೆ. ಐಟಿ ಕೆಲಸದವರು, ಹೊರದೇಶದವರು ಇಮೇಲ್ ಕೇಳಿದರೆ ಅದನ್ನೂ ಬರೆದುಕೊಳ್ಳಿ. ವಾಟ್ಸ್‌ಆ್ಯಪ್‌ನ ನಿಯಮ ನಾಳೆ ಬದಲಾಗಬಹುದು, ಆದ್ದರಿಂದ ಮೂಲಪಟ್ಟಿ ಸದಾ ನಿಮ್ಮ ಪುಸ್ತಕದಲ್ಲಿರಲಿ.

ಕೇಳದೆ ಯಾರನ್ನೂ ಪಟ್ಟಿಗೆ ಸೇರಿಸಬೇಡಿ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಮೂಲ ತತ್ವವೇ ಒಪ್ಪಿಗೆ. 'ಹೊಸ ಸುಗ್ಗಿ ಬಂದಾಗ ವರ್ಷಕ್ಕೆ ಐದಾರು ಸಲ ತಿಳಿಸಬಹುದೇ?' ಎಂದು ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಬೇಡ ಎಂದವರ ಹೆಸರನ್ನು ಅದೇ ದಿನ ಹೊಡೆದುಹಾಕಿ.

ಐದಾರು ಸಲ ಸಾಕೇ ಎಂಬ ಅನುಮಾನ ಬರಬಹುದು. ಮಲೆನಾಡಿನ ಅಡುಗೆಮನೆಗೆ ಅದರದೇ ಪಂಚಾಂಗವಿದೆ. ಜನವರಿಯಿಂದ ಆಲೆಮನೆ, ಹೊಸ ಜೋನಿ ಬೆಲ್ಲ. ಮಾರ್ಚ್ ಹೊತ್ತಿಗೆ ಮಿಡಿ. ಬಿಸಿಲು ಬಲಿತಾಗ ಹಲಸಿನ ಹಪ್ಪಳ. ಮಳೆಗೆ ಮೊದಲು ಮುರುಗಲು, ಜೇನು. ದೀಪಾವಳಿಗೆ ಊರಿನ ಪೊಟ್ಟಣ. ಇಷ್ಟು ಸುದ್ದಿ ಇದ್ದರೆ ದಿನವೂ ಏನಾದರೂ ಹಾಕಬೇಕೆಂಬ ಒತ್ತಡ ಯಾಕೆ? ಸುದ್ದಿ ನಿಜವಾಗಿ ಇದ್ದಾಗ ಮಾತ್ರ ಸಂದೇಶ ಹೋದರೆ ಜನ ಓದುತ್ತಾರೆ. ಒಂದು ಮಾದರಿ:

'ನಮಸ್ಕಾರ ಶಾಂತಕ್ಕ. ಈ ವರ್ಷ ಮಿಡಿ ಕಡಿಮೆ, ಹೂ ಬಿಟ್ಟಾಗ ಮಳೆ ಹೊಡೆಯಿತು. ಜೀರಿಗೆ ಮಿಡಿ ನೂರು ಬಾಟಲಿ ಮಾತ್ರ ಆಗಬಹುದು. ಕಳೆದ ವರ್ಷ ತಗೊಂಡವರಿಗೆ ಮೊದಲು ತಿಳಿಸುತ್ತಿದ್ದೇವೆ. ಬೇಕಾದರೆ ಭಾನುವಾರದೊಳಗೆ ಹೇಳಿ, ನಿಮ್ಮ ಹೆಸರಲ್ಲಿ ಎತ್ತಿಡುತ್ತೇವೆ. ಜೂನ್‌ನಲ್ಲಿ ಕಳಿಸುತ್ತೇವೆ.'

ಇದರಲ್ಲಿ 'ಭರ್ಜರಿ ಆಫರ್' ಇಲ್ಲ, ಬೆಂಕಿಯ ಎಮೋಜಿ ಇಲ್ಲ. ಹೇಳಿದ್ದೆಲ್ಲ ನಿಜವಾಗಿರಬೇಕು ಎಂಬುದಷ್ಟೇ ಷರತ್ತು. ಮಿಡಿ ಇದ್ದೂ ಇಲ್ಲವೆಂದು ಸುಳ್ಳು ಹೇಳಿ ಅವಸರ ಹುಟ್ಟಿಸಿದರೆ ಗಿರಾಕಿ ಒಂದು ವರ್ಷ ನಂಬುತ್ತಾರೆ, ಎರಡನೇ ವರ್ಷ ನಂಬುವುದಿಲ್ಲ. ಮುಂಗಡ ಬುಕಿಂಗ್‌ಗೆ ಇನ್ನೊಂದು ದೊಡ್ಡ ಪ್ರಯೋಜನವಿದೆ. ಮಿಡಿ ಕೊಯ್ಯುವವರಿಗೆ ಕೂಡಲೇ ದುಡ್ಡು ಕೊಡಬೇಕು, ಉಪ್ಪಿನಕಾಯಿ ಮಾರಾಟವಾಗುವುದು ತಿಂಗಳುಗಳ ನಂತರ. ಆ ನಡುವಿನ ಹಣವನ್ನು ಬಡ್ಡಿಗೆ ತರುವ ಬದಲು ಮುಂಗಡದಿಂದ ತೂಗಿಸಬಹುದು.

ಎರಡನೇ ಆರ್ಡರ್‌ನ ಲೆಕ್ಕ

ಜಾಹೀರಾತು ಹಾಕಲೇಬಾರದೇ ಎಂದು ಕೇಳಿದರೆ, ಪಟ್ಟಿ ಇದ್ದವರು ಹಾಕಬಹುದು ಎನ್ನುತ್ತೇನೆ. ಲೆಕ್ಕ ಹೀಗೆ. ಗೂಗಲ್ ಹುಡುಕಾಟದ ಜಾಹೀರಾತಿನಲ್ಲಿ ಒಂದು ಕ್ಲಿಕ್‌ಗೆ 8 ರೂಪಾಯಿ ಬಿದ್ದು, ನೂರು ಕ್ಲಿಕ್‌ಗೆ ಇಬ್ಬರು ಕೊಂಡರು ಎನ್ನೋಣ. ಒಬ್ಬ ಹೊಸ ಗಿರಾಕಿಗೆ 400 ರೂಪಾಯಿ ಖರ್ಚು. 600 ರೂಪಾಯಿಯ ಆರ್ಡರ್‌ನಲ್ಲಿ ಸಾಮಾನು, ಕೂಲಿ, ಡಬ್ಬಿ, ಸಾಗಣೆ ಕಳೆದು 180 ಉಳಿದರೆ ಮೊದಲ ಆರ್ಡರ್‌ನಲ್ಲೇ 220 ರೂಪಾಯಿ ನಷ್ಟ. ಅದೇ ಮನೆ ವರ್ಷದಲ್ಲಿ ನಾಲ್ಕು ಸಲ ಕೊಂಡರೆ ಉಳಿಯುವುದು 720, ಖರ್ಚು ಕಳೆದು 320 ಲಾಭ. ಜಾಹೀರಾತು ಒಂದೇ, ಮಾಲು ಒಂದೇ. ಮತ್ತೆ ಕರೆಯಲು ನಂಬರು ಇದ್ದವರಿಗೆ ಲಾಭ, ಇಲ್ಲದವರಿಗೆ ನಷ್ಟ. ದೊಡ್ಡ ಮಾರುಕಟ್ಟೆ ತಾಣಗಳಲ್ಲಿ ಮಾರಿದಾಗಲೂ ಇದೇ ತೊಡಕು. ಅಲ್ಲಿ ಗಿರಾಕಿಯ ಸಂಪರ್ಕ ತಾಣದ್ದು, ಅವರನ್ನು ನಿಮ್ಮ ಅಂಗಡಿಗೆ ಕರೆಯುವಂತಿಲ್ಲ. ಹೆಚ್ಚಾದ ಸರಕು ಖಾಲಿಮಾಡಲು ಅವು ಸರಿ.

ಮೊದಲ ನೂರು ಮನೆ ಆನ್‌ಲೈನ್‌ನಿಂದಲೇ ಬರಬೇಕು ಎಂಬ ನಿಯಮವೂ ಇಲ್ಲ. ಬೆಂಗಳೂರಿನ ಜಿಕೆವಿಕೆಯಲ್ಲಿ ನಡೆಯುವ ಕೃಷಿಮೇಳ, ಊರೂರಿನ ಹಲಸಿನ ಮೇಳ, ಸರಸ್ ಮೇಳ, ಅಪಾರ್ಟ್‌ಮೆಂಟ್‌ಗಳ ವಾರಾಂತ್ಯದ ಸಂತೆ ಇವೆಲ್ಲ ರುಚಿ ತೋರಿಸಿ ನಂಬರು ಬರೆದುಕೊಳ್ಳುವ ಜಾಗಗಳು. ಮೇಳದ ದಿನ ಎಷ್ಟು ಮಾರಾಟವಾಯಿತು ಎಂಬುದಕ್ಕಿಂತ ಎಷ್ಟು ಹೆಸರು ಪುಸ್ತಕಕ್ಕೆ ಬಂತು ಎಂದು ಎಣಿಸಬೇಕು. ಪುತ್ತೂರಿನಿಂದ 1988ರಿಂದ ಬರುತ್ತಿರುವ ಅಡಿಕೆ ಪತ್ರಿಕೆಯಂಥ ಮಾಸಿಕಗಳ ಓದುಗರು ಸಂಖ್ಯೆಯಲ್ಲಿ ಕಡಿಮೆಯಿರಬಹುದು, ಆದರೆ ಕೃಷಿಕರ ಮನೆಯ ಉತ್ಪನ್ನಕ್ಕೆ ಅವರಿಗಿಂತ ಹತ್ತಿರದವರು ಯಾರು? ಬೇರೆಯವರು ಕಟ್ಟಿದ ವ್ಯವಸ್ಥೆಯೊಳಗೆ ಸೇರಿಕೊಳ್ಳುವುದೂ ಒಂದು ದಾರಿ. ರಾಜ್ಯದ ಮಾವು ಅಭಿವೃದ್ಧಿ ನಿಗಮದ ಕರ್ಸಿರಿ ಪೋರ್ಟಲ್‌ನಲ್ಲಿ ರೈತರ ಮಾವಿಗೆ ಆರ್ಡರ್ ಬಂದರೆ ಅಂಚೆ ಇಲಾಖೆ ಬೆಂಗಳೂರಿನ ಮನೆಗಳಿಗೆ ಮುಟ್ಟಿಸುತ್ತದೆ.

ಎಲ್ಲ ಸರಕಿಗೂ ಈ ದಾರಿ ಒಂದೇ ರೀತಿ ಹೊಂದುವುದಿಲ್ಲ. ಸೀರೆ, ಒಡವೆ, ಮನೆ ಅಲಂಕಾರದ ವಸ್ತುಗಳನ್ನು ಜನ ಹೆಸರಿಟ್ಟು ಹುಡುಕುವುದು ಕಡಿಮೆ, ಕಂಡಾಗ ಬೇಕೆನಿಸುತ್ತದೆ. ಅಂಥ ವ್ಯಾಪಾರಕ್ಕೆ ಇನ್‌ಸ್ಟಾಗ್ರಾಂ ಒಳ್ಳೆಯ ಕಿಟಕಿ. ಅಲ್ಲಿಯೂ ನೋಡಿ ಮೆಚ್ಚಿದವರನ್ನು ನಿಮ್ಮ ಪಟ್ಟಿಗೆ ತರುವುದೇ ಗುರಿಯಾಗಿರಲಿ. ಇಳಕಲ್ ಸೀರೆ ನೇಯುವವರಿಗೆ ಮದುವೆಗೆ ಕೊಂಡ ಒಂದು ಮನೆಯ ನಂಬರು ಮುಂದಿನ ಹತ್ತು ವರ್ಷದ ಸೀಮಂತ, ಗೃಹಪ್ರವೇಶಗಳ ನಂಬರು.

ಬೆಳೆಯುವಾಗ ತೆರಿಗೆಯ ಒಂದು ಅಂಶ ಮೊದಲೇ ಗೊತ್ತಿರಬೇಕು. ಕರ್ನಾಟಕದೊಳಗೆ ಮಾತ್ರ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿಯ ಒತ್ತಾಯವಿಲ್ಲ. ಆದರೆ ತೆರಿಗೆಯಿರುವ ಸರಕು ರಾಜ್ಯದ ಗಡಿ ದಾಟಿದರೆ ಈ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ಅಂದರೆ ಪುಣೆಗೆ ಮೊದಲ ಮಿಡಿ ಬಾಟಲಿ ಕಳಿಸುವ ಮುನ್ನವೇ ಊರಿನ ತೆರಿಗೆ ಸಲಹೆಗಾರರೊಬ್ಬರ ಬಳಿ ಕೂತು ಮಾತಾಡಬೇಕು.

ಪಟ್ಟಿ ಐನೂರು ಮುಟ್ಟಿದ ಮೇಲೆ ಏನು ಎಂಬ ಪ್ರಶ್ನೆ ಬಂದೇ ಬರುತ್ತದೆ. ಇನ್ನೂ ನಾಲ್ಕು ಜನರನ್ನು ಕೆಲಸಕ್ಕೆ ಇಟ್ಟುಕೊಂಡು ಸಾವಿರಕ್ಕೆ ಏರಿಸಬಹುದು, ಆಗ ಮಿಡಿ ಹೊಂದಿಸುವುದೇ ಕಷ್ಟವಾಗುತ್ತದೆ. ನನಗೆ ಹೆಚ್ಚು ಮೆಚ್ಚುಗೆಯಾಗುವುದು ಇನ್ನೊಂದು ದಾರಿ: ಅದೇ ಐನೂರು ಮನೆಗೆ ಐದನೆಯ, ಆರನೆಯ ವಸ್ತು ಕೊಡುವುದು. ಎಲ್ಲವನ್ನೂ ನೀವೇ ಮಾಡಬೇಕಿಲ್ಲ. ಪಕ್ಕದ ಹಳ್ಳಿಯಲ್ಲಿ ಒಳ್ಳೆಯ ಬಾಳೆಕಾಯಿ ಚಿಪ್ಸ್ ಮಾಡುವವರು, ತುಡುವೆ ಜೇನು ಸಾಕಿದವರು ಇದ್ದರೆ, ಅವರದೇ ಹೆಸರು, ಅವರದೇ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುವ ಪೊಟ್ಟಣವನ್ನು ನಿಮ್ಮ ಸಂದೇಶದಲ್ಲಿ ಪರಿಚಯಿಸಿ, ನಿಮ್ಮ ಡಬ್ಬಿಯಲ್ಲೇ ಕಳಿಸಿ. ಗಿರಾಕಿಗಳ ನಂಬರನ್ನು ಮಾತ್ರ ಅವರಿಗೆ ಕೊಡಬೇಡಿ, ಅದು ನಿಮ್ಮನ್ನು ನಂಬಿ ಕೊಟ್ಟದ್ದು. ಒಂದು ಪಾರ್ಸೆಲ್‌ನಲ್ಲಿ ಎರಡು ಮನೆಯ ಮಾಲು ಹೋದರೆ ಸಾಗಣೆಯ ವೆಚ್ಚವೂ ಹಂಚಿಹೋಗುತ್ತದೆ, 600ರ ಆರ್ಡರ್ 800 ಆಗುತ್ತದೆ, ಆಗ ಅದೇ 12 ಲಕ್ಷಕ್ಕೆ ವರ್ಷಕ್ಕೆ 1,500 ಪಾರ್ಸೆಲ್ ಸಾಕು.